ಕೋಕಾ, ಕ್ಷಮಾದಾನ, ಹಸ್ತಾಂತರ: ಫಾರ್ಕ್ ಶಾಂತಿ ಒಪ್ಪಂದದ ಒಂದು ತೊಡಕು

ಮಾದಕವಸ್ತುವಿನ ಹಣ ಕೈಸೇರಿದ ಬಂಡುಕೋರರಿಗೆ ಶಾಂತಿ ಬೇಡವಾಗುತ್ತದೆ ಎಂಬುದು ಬಳಕೆಯಲ್ಲಿರುವ ವಾದ. ಕೊಲಂಬಿಯಾದ ಬಂಡುಕೋರ ಸಂಘಟನೆ ಫಾರ್ಕ್ ಇದಕ್ಕೆ ಪೂರಾ ಒಗ್ಗುವುದಿಲ್ಲ. ಕೋಕಾದ ಆದಾಯವಿದ್ದೂ ಅದು 2012ರಿಂದ ಕ್ಯೂಬಾದ ಹವಾನಾದಲ್ಲಿ ಸರ್ಕಾರದೊಂದಿಗೆ ಮಾತುಕತೆಗೆ ಕುಳಿತು, 2016ರಲ್ಲಿ ಒಪ್ಪಂದಕ್ಕೆ ಸಹಿ ಹಾಕಿತು. ಹಣಕ್ಕಿಂತ ಹೆಚ್ಚು ಕಾಡಿದ್ದು, ಆ ಹಣ ಗಳಿಸಿದ್ದಕ್ಕೆ ಶಿಕ್ಷಿಸುವವರು ಯಾರು ಎಂಬ ಪ್ರಶ್ನೆ ಎಂಬುದು ಈ ಲೇಖನದ ವಾದ.

1964ರಲ್ಲಿ ರೈತ ಹೋರಾಟದಿಂದ ಹುಟ್ಟಿದ ಫಾರ್ಕ್ ಮೊದಮೊದಲು ಕೋಕಾ ಬೆಳೆಯನ್ನು ವಿರೋಧಿಸಿತ್ತು. ಕ್ರಮೇಣ ಗ್ರಾಂ ಲೆಕ್ಕದಲ್ಲಿ ಸುಂಕ ಎತ್ತತೊಡಗಿತು. ಈ ಸುಂಕಕ್ಕೆ ಅಲ್ಲಿ 'ಗ್ರಮಾಹೆ' ಎಂದು ಹೆಸರು. ರಾಜ್ಯದ ಸುಳಿವೇ ಇಲ್ಲದ ಕಾಡಂಚಿನ ಊರುಗಳಲ್ಲಿ ನೋಟಿನ ಅಭಾವದಿಂದ ಕೋಕಾ ಪೇಸ್ಟೇ ಹಣವಾಗಿತ್ತು. ಅಂಗಡಿಯವನು ಅದನ್ನು ತೂಗಿ ನೋಡಿ ಅಕ್ಕಿ, ಎಣ್ಣೆ ಅಳೆದುಕೊಡುತ್ತಿದ್ದ. ಅಂಥಲ್ಲಿ ಸುಂಕ ವಸೂಲಿ ಮಾಡುವವನೇ ಜಗಳ ಬಿಡಿಸುವವನೂ ಆಗಿದ್ದ. ಹಾಗಾಗಿ ಹವಾನಾದಲ್ಲಿ ಫಾರ್ಕ್ ತನ್ನ ಪರವಾಗಿ ಮಾತ್ರವಲ್ಲ, ಬೆಳೆಗಾರರ ಪರವಾಗಿಯೂ ಚೌಕಾಸಿ ಮಾಡಬೇಕಾಯಿತು.

2014ರ ಮೇನಲ್ಲಿ ಮಾದಕವಸ್ತು ಕುರಿತ ಭಾಗಕ್ಕೆ ಒಪ್ಪಿಗೆ ಸಿಕ್ಕಿತು: ಬೆಳೆಗಾರರು ಸ್ವಇಚ್ಛೆಯಿಂದ ಕೋಕಾ ಕಿತ್ತರೆ ಸರ್ಕಾರದ ನೆರವು. ನೆರವಿಗೆ ಅರ್ಹರಾಗಲೆಂದೇ ಕೋಕಾ ನೆಟ್ಟವರೂ ಇದ್ದರು. ವಿಶ್ವಸಂಸ್ಥೆಯ ಲೆಕ್ಕದಲ್ಲಿ 2013ರಲ್ಲಿ ಸುಮಾರು 48,000 ಹೆಕ್ಟೇರ್ ಇದ್ದ ಬೆಳೆ 2016ಕ್ಕೆ 1,46,000ಕ್ಕೆ ಏರಿತು. 2015ರಲ್ಲಿ ಕೋಕಾ ಮೇಲಿನ ಕಳೆನಾಶಕದ ವೈಮಾನಿಕ ಸಿಂಪಡಣೆ ನಿಲ್ಲಿಸಿದ್ದನ್ನೇ ದೂರುವವರು, ಏರಿಕೆ ಅದಕ್ಕೂ ಒಂದು ವರ್ಷ ಮೊದಲೇ ಶುರುವಾಗಿತ್ತು ಎಂಬುದನ್ನು ಮರೆಯುತ್ತಾರೆ.

ಅಸಲಿ ಗಂಟು ಕ್ಷಮಾದಾನದಲ್ಲಿತ್ತು. ಸ್ವಂತ ಲಾಭಕ್ಕಲ್ಲದೆ ಬಂಡಾಯದ ಖರ್ಚಿಗಾಗಿ ನಡೆಸಿದ ಮಾದಕವಸ್ತು ಸಾಗಣೆಯನ್ನು ರಾಜಕೀಯ ಅಪರಾಧದ ಅಂಗವೆಂದು ಪರಿಗಣಿಸಬಹುದೆಂದಾಯಿತು. ಒಪ್ಪಂದಕ್ಕೆ ಮೊದಲಿನ ಕೃತ್ಯಗಳಿಗೆ ವಿದೇಶಕ್ಕೆ ಹಸ್ತಾಂತರವಿಲ್ಲ ಎಂಬ ಭರವಸೆಯೂ ದೊರೆಯಿತು. ಆದರೆ 2006ರಲ್ಲೇ ಫಾರ್ಕ್‌ನ 50 ನಾಯಕರ ಮೇಲೆ ಆರೋಪಪಟ್ಟಿ ಹೊರಿಸಿದ್ದ ಅಮೆರಿಕ ಈ ಒಪ್ಪಂದಕ್ಕೆ ಸಹಿದಾರನಲ್ಲ. 2018ರ ಏಪ್ರಿಲ್‌ನಲ್ಲಿ, ಹವಾನಾದ ಸಂಧಾನಕಾರರಲ್ಲೊಬ್ಬನಾಗಿದ್ದ ಹೆಸುಸ್ ಸಾಂಟ್ರಿಚ್, 10 ಟನ್ ಕೊಕೇನ್ ಸಾಗಿಸಲು ಸಂಚು ಹೂಡಿದನೆಂಬ ಅಮೆರಿಕದ ಆರೋಪದ ಮೇಲೆ ಬಂಧಿತನಾದ. ಆಗ ಕೃತ್ಯದ ತಾರೀಖೇ ನಿರ್ಣಾಯಕವಾಯಿತು. ಅದನ್ನು ಖಚಿತಪಡಿಸಲು ಸಾಕ್ಷ್ಯ ಸಾಲದೆಂದು, ಒಪ್ಪಂದದಡಿ ರಚನೆಯಾದ ವಿಶೇಷ ಶಾಂತಿ ನ್ಯಾಯಾಲಯ 2019ರ ಮೇನಲ್ಲಿ ಹಸ್ತಾಂತರಕ್ಕೆ ತಡೆಯೊಡ್ಡಿತು. ಆಗಸ್ಟ್‌ನಲ್ಲಿ ಅವನೂ, ಹವಾನಾ ನಿಯೋಗದ ಮುಖ್ಯಸ್ಥನಾಗಿದ್ದ ಇವಾನ್ ಮಾರ್ಕೆಸ್‌ನೂ ಮತ್ತೆ ಶಸ್ತ್ರ ಹಿಡಿದೆವೆಂದು ಘೋಷಿಸಿದರು. ಆರೋಪ ನಿಜವಿರಲಿ ಸುಳ್ಳಿರಲಿ, ಉಳಿದ ಬಂಡುಕೋರರು ಅದರಲ್ಲಿ ತಮ್ಮ ಗತಿಯನ್ನು ಕಂಡರೆ ಆಶ್ಚರ್ಯವಿಲ್ಲ.

ಈ ತೊಡಕು ಮುಂದೆಯೂ ಉಳಿಯಿತು. ಕೊಲಂಬಿಯಾದ 2022ರ 'ಸಂಪೂರ್ಣ ಶಾಂತಿ' ಕಾನೂನು ಸಶಸ್ತ್ರ ಗುಂಪುಗಳನ್ನು ಎರಡಾಗಿ ವಿಂಗಡಿಸಿತು: ರಾಜಕೀಯ ಸ್ವರೂಪದವುಗಳೊಂದಿಗೆ ಸಂಧಾನ, ಅಪರಾಧ ಸಂಘಟನೆಗಳೊಂದಿಗೆ ಶರಣಾಗತಿಯ ಮಾತುಕತೆ. ಆದರೆ ಎರಡೂ ಬಗೆಯವು ಬದುಕುವುದು ಬಹುಮಟ್ಟಿಗೆ ಕೋಕಾ ಆದಾಯದ ಮೇಲೆ.