ಮಂಡಕ್ಕಿ, ಮೆಣಸಿನಕಾಯಿ, ಶೇಂಗಾ ಎಣ್ಣೆ: ಬಯಲುಸೀಮೆಯ ಒಂದು ರುಚಿಯ ಇತಿಹಾಸ

ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ ಮತ್ತು ಮೊಳಕಾಲ್ಮುರು ತಾಲ್ಲೂಕುಗಳಲ್ಲಿ ಸಂಜೆಯ ತಿಂಡಿಯೆಂದರೆ ಮಂಡಕ್ಕಿ-ಮೆಣಸಿನಕಾಯಿ. ಬೆಂಗಳೂರು-ಮೈಸೂರಿನ ಕಡೆಯವರು ಪುರಿಯೆಂದೂ ಧಾರವಾಡದ ಕಡೆಯವರು ಚುರುಮುರಿಯೆಂದೂ ಕರೆಯುವ, ಅಕ್ಕಿಯನ್ನು ಕಾದ ಮರಳಿನಲ್ಲಿ ಉಬ್ಬಿಸಿ ಮಾಡಿದ ಹಗುರ ಪದಾರ್ಥಕ್ಕೆ ಮಧ್ಯ ಕರ್ನಾಟಕದಲ್ಲಿ ಮಂಡಕ್ಕಿಯೆಂಬ ಹೆಸರಿದೆ; ಮೆಣಸಿನಕಾಯಿಯೆಂದರೆ ಇಲ್ಲಿ ಬರಿಯ ಕಾಯಲ್ಲ, ಉದ್ದನೆಯ ಹಸಿಮೆಣಸಿನಕಾಯಿಯನ್ನು ಸೀಳಿ, ಉಪ್ಪು-ಜೀರಿಗೆ ಸವರಿ, ಕಡಲೆಹಿಟ್ಟಿನಲ್ಲಿ ಅದ್ದಿ ಕರಿದ ಬಜ್ಜಿ. ಚಳ್ಳಕೆರೆಯಿಂದ ಬಳ್ಳಾರಿಗೆ ಹೋಗುವ ಹೆದ್ದಾರಿಯ ಬದಿಯಲ್ಲಿರುವ, ಹೆಸರಿನಲ್ಲಿಯೇ ಕೆರೆಯನ್ನು ಹೊತ್ತ ಬಿ.ಜಿ. ಕೆರೆಯಂಥ ಊರಿನಲ್ಲಿ ಒಳ್ಳೆಯ ಮಂಡಕ್ಕಿ-ಮೆಣಸಿನಕಾಯಿ ಎಲ್ಲಿ ಸಿಕ್ಕೀತು ಎಂಬ ಪ್ರಶ್ನೆ ನಾಲಿಗೆಯ ಚಪಲದ ಪ್ರಶ್ನೆಯಾಗಿ ಮಾತ್ರ ಉಳಿಯುವುದಿಲ್ಲ. ಅದರ ಉತ್ತರವನ್ನು ಹುಡುಕಹೊರಟರೆ ಆ ಸೀಮೆಯ ನೆಲ, ಮಳೆ, ಗಾಣ ಮತ್ತು ಮಾರುಕಟ್ಟೆಗಳ ನೂರು ವರ್ಷಗಳ ಚರಿತ್ರೆಯೇ ಎದುರಾಗುತ್ತದೆ.

ಈ ತಿಂಡಿಯ ಬಹುಪಾಲು ಸಾಮಗ್ರಿ ಈ ನೆಲದ್ದಲ್ಲ ಎಂಬುದು ಮೊದಲು ಗಮನಿಸಬೇಕಾದ ಸಂಗತಿ. ರಾಜ್ಯದಲ್ಲಿ ಅತಿ ಕಡಿಮೆ ಮಳೆ ಬೀಳುವ ತಾಲ್ಲೂಕುಗಳ ಸಾಲಿಗೆ ಸೇರುವ ಈ ಭಾಗದ ಹಳೆಯ ಆಹಾರವೆಂದರೆ ರಾಗಿ, ನವಣೆ, ಸಾಮೆ, ಸಜ್ಜೆ ಮತ್ತು ಜೋಳ. ಕೆರೆಯ ಹಿಂದಿನ ತುಂಡು ಗದ್ದೆಗಳನ್ನು ಬಿಟ್ಟರೆ ಭತ್ತ ಅಪರೂಪವಾಗಿದ್ದು, ಅನ್ನವು ಹಬ್ಬದ ಊಟವಾಗಿತ್ತು. ತುಂಗಭದ್ರಾ ಮತ್ತು ಭದ್ರಾ ಜಲಾಶಯಗಳು 1950 ಮತ್ತು 1960ರ ದಶಕಗಳಲ್ಲಿ ಕೆಲಸಕ್ಕೆ ಬಂದು, ಬಳ್ಳಾರಿ ಮತ್ತು ದಾವಣಗೆರೆಯ ಬಯಲುಗಳಿಗೆ ಕಾಲುವೆಯ ನೀರು ಹರಿದ ಮೇಲೆ ಅಕ್ಕಿಯೂ ಮಂಡಕ್ಕಿಯೂ ಒಣನಾಡಿನ ಸಂತೆಗಳಿಗೆ ಹೇರಳವಾಗಿ ಬರುವ ದಾರಿ ತೆರೆಯಿತು. ದಾವಣಗೆರೆಯಲ್ಲಿ ಮಂಡಕ್ಕಿ ಭಟ್ಟಿಗಳದೇ ಒಂದು ಬಡಾವಣೆ ಇರುವುದು ಈ ಕಸುಬಿನ ವಿಸ್ತಾರಕ್ಕೆ ಸಾಕ್ಷಿಯಾಗಿದೆ.

ಭಟ್ಟಿಯೆಂದರೆ ಮಂಡಕ್ಕಿ ಹುರಿಯುವ ಒಲೆಮನೆ. ಅಲ್ಲಿ ಭತ್ತವನ್ನು ನೆನೆಸಿ, ಬೇಯಿಸಿ, ಒಣಗಿಸಿ, ಸಿಪ್ಪೆ ತೆಗೆದು, ಹಾಗೆ ದೊರೆತ ಅಕ್ಕಿಗೆ ಉಪ್ಪುನೀರು ಹಿಡಿಸಿ ಬೆಚ್ಚಗೆ ಮಾಡಿ, ಕಡೆಗೆ ಕೆಂಪಗೆ ಕಾದ ಮರಳಿಗೆ ಸುರಿಯುತ್ತಾರೆ. ಮೊದಲ ಬೇಯುವಿಕೆಯಲ್ಲಿ ಕಾಳಿನೊಳಗಿನ ಪಿಷ್ಟ ಅಂಟಾಗಿ ಬಿಗಿದುಕೊಂಡಿರುವುದರಿಂದ, ಮರಳಿನ ಕಾವಿಗೆ ಒಳಗಿನ ತೇವ ಆವಿಯಾಗಿ ಹೊರನುಗ್ಗುವಾಗ ಕಾಳು ಒಡೆದುಹೋಗದೆ ಉಬ್ಬಿ ನಿಲ್ಲುತ್ತದೆ. ಪೋಲೆಂಡಿನ ಯೆಹೂದ್ಯರಿಂದ ಅಮೆರಿಕಕ್ಕೆ ಹೋದ ಬೇಗಲ್ ಎಂಬ ಬಳೆಯಾಕಾರದ ರೊಟ್ಟಿಯನ್ನೂ ಹೀಗೆಯೇ ಮೊದಲು ಕುದಿಯುವ ನೀರಿಗೆ ಹಾಕಿ ಆಮೇಲೆ ಒಲೆಯಲ್ಲಿ ಸುಡುತ್ತಾರೆ. ಕ್ರಾಕೋವ್ ನಗರದ 1610ರ ದಾಖಲೆಯಲ್ಲಿ ಹೆಸರು ಕಾಣಿಸುವ ಆ ರೊಟ್ಟಿಯು ಇಪ್ಪತ್ತನೆಯ ಶತಮಾನದಲ್ಲಿ ಯಂತ್ರದ ತಯಾರಿಕೆಗೆ ಒಳಗಾದಾಗ, ಊರೂರಿನಲ್ಲಿ ಸಿಗುವಂತಾದರೂ ಹಳೆಯ ರುಚಿ ಉಳಿಯಲಿಲ್ಲವೆಂಬ ಕೊರಗು ಅದನ್ನು ಬಲ್ಲವರಲ್ಲಿ ಹುಟ್ಟಿತು. ಬಡವರ ತಿಂಡಿಯೊಂದು ಎಲ್ಲೆಡೆ ಹರಡಿದಾಗ ಅದರ ಹೆಸರು ಉಳಿದು ಒಳಗಿನ ಸತ್ವ ಬದಲಾಗುವ ಈ ಕಥೆ ಚಳ್ಳಕೆರೆಯ ಸೀಮೆಗೂ ಅನ್ವಯಿಸುತ್ತದೆ, ಆದರೆ ಇಲ್ಲಿ ಬದಲಾದದ್ದು ಎಣ್ಣೆ.

ಹಸಿಮೆಣಸಿನಕಾಯಿಯೂ ಶೇಂಗಾ ಎಂದು ಕರೆಯಲಾಗುವ ನೆಲಗಡಲೆಯೂ ಅಮೆರಿಕ ಖಂಡದ ಮೂಲದವು. ಇವೆರಡೂ ಭಾರತಕ್ಕೆ ಬಂದದ್ದು ಪೋರ್ಚುಗೀಸರು ಕಡಲದಾರಿ ಹಿಡಿದ ಮೇಲೆ. ಕಲ್ಯಾಣ ಚಾಲುಕ್ಯರ ದೊರೆ ಮೂರನೆಯ ಸೋಮೇಶ್ವರನು 1129ರ ಸುಮಾರಿಗೆ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಬಗೆಬಗೆಯ ಕರಿದ ತಿಂಡಿಗಳ ವಿವರಣೆಯಿದ್ದರೂ ಹಸಿಮೆಣಸಿನಕಾಯಿಯ ಬಜ್ಜಿಗೆ ಅಲ್ಲಿ ಎಡೆಯಿರಲು ಸಾಧ್ಯವೇ ಇರಲಿಲ್ಲ. ಮೆಣಸಿನಕಾಯಿ ಬೇಗ ಅಡುಗೆಮನೆಗೆ ಒಗ್ಗಿಕೊಂಡಿತು. ಶೇಂಗಾ ಮಾತ್ರ ಹತ್ತೊಂಬತ್ತನೆಯ ಶತಮಾನದಲ್ಲಿ ಫ್ರಾನ್ಸಿನ ಸಾಬೂನು ಮತ್ತು ಎಣ್ಣೆ ಕಾರ್ಖಾನೆಗಳಿಗೆ ಪುದುಚೇರಿಯ ಬಂದರಿನಿಂದ ರಫ್ತಾಗತೊಡಗಿದ ಮೇಲೆಯೇ ದೊಡ್ಡ ಬೆಳೆಯಾಗಿ, ಮದ್ರಾಸ್ ಪ್ರಾಂತ್ಯದಿಂದ ರಾಯಲಸೀಮೆಗೂ ಮೈಸೂರು ಸಂಸ್ಥಾನದ ಒಣಭೂಮಿಗೂ ಹಬ್ಬಿತು.

ಚಳ್ಳಕೆರೆ-ಮೊಳಕಾಲ್ಮುರಿನ ಕೆಂಪುನೆಲ ಈ ಬೆಳೆಗೆ ಹೇಳಿಮಾಡಿಸಿದಂತಿತ್ತು. ಶೇಂಗಾ ಗಿಡದ ಹೂವು ನೆಲದ ಮೇಲೆ ಬಿಟ್ಟರೂ, ಕಾಯಿ ಕಟ್ಟುವುದು ಹೂವಿನಿಂದ ಇಳಿದ ಕಡ್ಡಿ ಮಣ್ಣಿನೊಳಗೆ ಹೊಕ್ಕ ಮೇಲೆಯೇ. ಹಾಗಾಗಿ ಅದಕ್ಕೆ ಸಡಿಲವಾದ ಮಣ್ಣು ಬೇಕು, ನೀರು ಹೆಚ್ಚು ಬೇಡ. ಮುಂಗಾರಿನ ಎರಡು ಮೂರು ಹದಮಳೆಗಳನ್ನೇ ನಂಬಿ ಬಿತ್ತುವ ರೈತರಿಗೆ, ತಿಂಡಿವನಂ ಸಂಶೋಧನಾ ಕೇಂದ್ರದಿಂದ 1940ರಲ್ಲಿ ಹೊರಬಂದ ಟಿ.ಎಂ.ವಿ.-2 ಎಂಬ ತಳಿ ಎಷ್ಟು ಹೊಂದಿಕೊಂಡಿತೆಂದರೆ, ಆಮೇಲೆ ಬಂದ ಹಲವು ತಳಿಗಳು ಅದನ್ನು ಹೊಲದಿಂದ ಹೊರಹಾಕಲಾರದೆ ಹೋದವು. ಎತ್ತು ಕಟ್ಟಿ ತಿರುಗಿಸುವ ಮರದ ಗಾಣದ ಜಾಗಕ್ಕೆ ಕ್ರಮೇಣ ಯಂತ್ರದ ಎಣ್ಣೆಮಿಲ್ಲುಗಳು ಬಂದವು. ಅವುಗಳ ದಟ್ಟಣೆಯಿಂದ ಚಳ್ಳಕೆರೆ ‘ಎಣ್ಣೆ ನಗರ’ವೆನಿಸಿ, ಎಣ್ಣೆ ವಹಿವಾಟಿನಲ್ಲಿ ಎರಡನೆಯ ಮುಂಬಯಿಯೆಂಬ ಹೆಸರನ್ನೂ ಪಡೆಯಿತು. ಕಾಳಿನ ಹೆಚ್ಚುಕಡಿಮೆ ಅರ್ಧದಷ್ಟು ತೂಕ ಎಣ್ಣೆಯಾದರೆ, ಉಳಿದ ಹಿಂಡಿ ದನಕುರಿಗಳ ಮೇವಾಗಿ, ಕುರಿಸಾಕಣೆ ಮತ್ತು ಕಂಬಳಿ ನೇಯ್ಗೆಗೆ ಹೆಸರಾದ ಈ ಸೀಮೆಗೆ ಮರಳುತ್ತಿತ್ತು. ಮಂಡಕ್ಕಿ ಕಾಲುವೆ ನೀರಿನ ನಾಡಿನದು, ಕಡಲೆ ಕಪ್ಪುನೆಲದ್ದು. ಬಾಣಲೆಯೊಳಗಿನ ಎಣ್ಣೆಯೊಂದೇ ಊರಿನದಾಗಿತ್ತು, ಮತ್ತು ತಿಂಡಿಯ ಪರಿಮಳವೂ ಅದರಿಂದಲೇ ಬರುತ್ತಿತ್ತು.

ಅಡುಗೆ ಎಣ್ಣೆಯ ಆಮದನ್ನು ತಗ್ಗಿಸುವ ಉದ್ದೇಶದಿಂದ ಕೇಂದ್ರ ಸರ್ಕಾರ 1986ರಲ್ಲಿ ಎಣ್ಣೆಬೀಜಗಳ ತಂತ್ರಜ್ಞಾನ ಮಿಷನ್ ಆರಂಭಿಸಿದ ಮೇಲೆ ದೇಶದ ಎಣ್ಣೆಬೀಜದ ಉತ್ಪಾದನೆ ಎಂಟೊಂಬತ್ತು ವರ್ಷಗಳಲ್ಲಿ ಸುಮಾರು ಇಮ್ಮಡಿಯಾಯಿತು. ಆದರೆ 1994ರಲ್ಲಿ ಪಾಮೋಲಿನ್, ಅಂದರೆ ತಾಳೆಹಣ್ಣಿನಿಂದ ತೆಗೆದ ಸಂಸ್ಕರಿಸಿದ ಎಣ್ಣೆಯ ಆಮದನ್ನು ಖಾಸಗಿ ವ್ಯಾಪಾರಿಗಳಿಗೆ ಮುಕ್ತಗೊಳಿಸಿದಾಗ, ಮಲೇಷ್ಯಾ ಮತ್ತು ಇಂಡೋನೇಷ್ಯಾದ ತೋಟಗಳ ಅಗ್ಗದ ಎಣ್ಣೆಯ ಎದುರು ಮಳೆಯಾಶ್ರಿತ ಹೊಲದ ಶೇಂಗಾ ಬೆಲೆಯಲ್ಲಿ ಸೆಣಸಲಾಗಲಿಲ್ಲ. ಮೇಲಿಂದ ಮೇಲೆ ಕೈಕೊಡುವ ಮಳೆಯೂ ಜೊತೆಗೂಡಿ, ಚಳ್ಳಕೆರೆಯ ಮಿಲ್ಲುಗಳು ಒಂದೊಂದಾಗಿ ಬಾಗಿಲು ಹಾಕಿದವು. ಕೆಲವೇ ರೂಪಾಯಿಗೆ ಬಜ್ಜಿ ಮಾರಿ ಬದುಕಬೇಕಾದ ಚಿಕ್ಕ ಅಂಗಡಿಗಳು ವಾಸನೆಯಿಲ್ಲದ, ಅಗ್ಗದ ತಾಳೆ ಎಣ್ಣೆಯ ಕಡೆಗೆ ತಿರುಗಿದ್ದು ಸಹಜವೇ ಆಗಿತ್ತು. ಅದರ ಹೊಣೆಯನ್ನು ಅವುಗಳ ಮೇಲೆ ಹೊರಿಸುವುದು ನ್ಯಾಯವಲ್ಲ.

ಆದ್ದರಿಂದ ಇಂದು ಬಿ.ಜಿ. ಕೆರೆಯಲ್ಲಾಗಲಿ ಮೊಳಕಾಲ್ಮುರಿನಲ್ಲಾಗಲಿ ಒಳ್ಳೆಯ ಮಂಡಕ್ಕಿ-ಮೆಣಸಿನಕಾಯಿಯನ್ನು ಹುಡುಕುವವರು ಕೈರುಚಿಗಿಂತ ಮೊದಲು ಬಾಣಲೆಯಲ್ಲಿರುವುದು ಏನೆಂದು ವಿಚಾರಿಸಬೇಕಾಗುತ್ತದೆ. ಮರದ ಗಾಣದ ಎಣ್ಣೆ ಈಚಿನ ವರ್ಷಗಳಲ್ಲಿ ಪಟ್ಟಣಗಳ ಅಂಗಡಿಗಳಿಗೆ ಮರಳಿ ಬಂದಿದೆಯಾದರೂ, ಅದರ ಬೆಲೆ ದಿನಗೂಲಿಯವರ ಸಂಜೆಯ ತಿಂಡಿಗೆ ಎಟಕುವಂಥದ್ದಲ್ಲ. ಶೇಂಗಾ ಬೆಳೆದವರಿಗೆ ತಕ್ಕ ಬೆಲೆ ದೊರೆತು, ಅದು ಊರಿನ ಸಮೀಪದಲ್ಲಿಯೇ ಎಣ್ಣೆಯಾಗಿ, ಆ ಎಣ್ಣೆ ರಸ್ತೆಬದಿಯ ಬಾಣಲೆಗೂ ಕೈಗೆಟಕುವಂತಾದ ದಿನ ಈ ಹುಡುಕಾಟಕ್ಕೆ ಕೊನೆ ಸಿಕ್ಕೀತು. ಅಲ್ಲಿಯವರೆಗೆ ಹದಮಳೆಯಾದ ವರ್ಷ ಸ್ವಂತ ಹೊಲದ ಕಾಯಿಯ ಎಣ್ಣೆ ಇಟ್ಟುಕೊಂಡವರ ಮನೆಯ ಒಲೆಯ ಮುಂದೆಯೇ ಆ ಹಳೆಯ ಪರಿಮಳ ಉಳಿದಿರುತ್ತದೆ.