ಒಡೆದ ಗುಲ್ಮವನ್ನು ಕಿತ್ತು ಹಾಕಬೇಕಾ?

ಇವತ್ತು ನಾನು ಹೇಳ್ತಿರೋದು ನಮ್ಮ ಹೊಟ್ಟೆಯೊಳಗಿನ ಒಂದು ಅಂಗದ ಕಥೆ. ಎಡಗಡೆ ಪಕ್ಕೆಲುಬುಗಳ ಕೆಳಗೆ, ಮುಷ್ಟಿಯಷ್ಟು ಗಾತ್ರದ್ದು. ಹೆಸರು ಗುಲ್ಮ. ಡಾಕ್ಟರುಗಳು ಸ್ಪ್ಲೀನ್ ಅಂತಾರೆ.

1965ರಲ್ಲಿ ಅಮೆರಿಕದ ಮಿಷಿಗನ್‌ನಲ್ಲಿ ಶೆರ್ಮನ್ ಪಾಪೆನ್ ಎಂಬ ಎಂಜಿನಿಯರ್ ತನ್ನ ಹೆಣ್ಣುಮಕ್ಕಳಿಗೆ ಎರಡು ಸ್ಕೀಗಳನ್ನು ಜೋಡಿಸಿ ಹಲಗೆಯೊಂದನ್ನು ಮಾಡಿಕೊಟ್ಟ. ಸ್ನೋಬೋರ್ಡ್‌ಗೆ ಅದೇ ಮೂಲ. 1998ರ ನಗಾನೊ ಹೊತ್ತಿಗೆ ಅದು ಒಲಿಂಪಿಕ್ಸ್‌ಗೂ ಬಂತು. ಈ ಆಟದಲ್ಲಿ ಎರಡೂ ಕಾಲು ಒಂದೇ ಹಲಗೆಗೆ ಕಟ್ಟಿರುತ್ತೆ. ಎತ್ತರಕ್ಕೆ ಹಾರಿ ಆಯತಪ್ಪಿದರೆ ಕಾಲು ಚಾಚಿ ತಡೆಯೋಕಾಗಲ್ಲ. ಪಕ್ಕೆಗೆ ಜೋರಾಗಿ ಪೆಟ್ಟು ಬಿದ್ದರೆ ಗುಲ್ಮ ಸೀಳಿ ಒಳಗೇ ರಕ್ತ ಸೋರುತ್ತೆ, ಹೊರಗೆ ಗಾಯವೇ ಕಾಣದೆ ಇರಬಹುದು.

ಹಿಂದೆ ಇದಕ್ಕೆ ಇದ್ದದ್ದು ಒಂದೇ ಉತ್ತರ: ಹೊಟ್ಟೆ ಕೊಯ್ದು ಗುಲ್ಮ ತೆಗೆದುಬಿಡೋದು. ಅದಿಲ್ಲದೆ ಬದುಕಬಹುದು ಅನ್ನೋ ನಂಬಿಕೆ. 1952ರಲ್ಲಿ ಅಮೆರಿಕದ ಕಿಂಗ್ ಮತ್ತು ಶುಮ್ಯಾಕರ್ ಎಂಬ ಸರ್ಜನ್‌ಗಳು ಆ ನಂಬಿಕೆಗೆ ಪೆಟ್ಟು ಕೊಟ್ಟರು. ರಕ್ತದ ಕಾಯಿಲೆಗಾಗಿ ಗುಲ್ಮ ತೆಗೆಸಿಕೊಂಡ 5 ಶಿಶುಗಳಿಗೆ ಆಮೇಲೆ ತೀವ್ರ ಸೋಂಕು ತಗುಲಿತ್ತು. ಯಾಕಂದ್ರೆ ರಕ್ತದಲ್ಲಿರೋ ಬ್ಯಾಕ್ಟೀರಿಯಾಗಳನ್ನು ಸೋಸಿ ಹಿಡಿಯೋದು ಇದೇ ಗುಲ್ಮ.

ಹಾಗಾದ್ರೆ ಒಡೆದದ್ದನ್ನು ಉಳಿಸಿಕೊಳ್ಳೋದು ಹೇಗೆ? ಇಲ್ಲಿ ನಮ್ಮ ದೇಶದವರೊಬ್ಬರು ಬರ್ತಾರೆ. 1968ರಲ್ಲಿ ಡಾ. ಪಿ. ಉಪಾಧ್ಯಾಯ ಮತ್ತು ಡಾ. ಸಿಂಪ್ಸನ್, ಕೆನಡಾದ ಟೊರಾಂಟೊ ಮಕ್ಕಳ ಆಸ್ಪತ್ರೆಯ ಅನುಭವ ಆಧರಿಸಿ ಬರೆದ ಪ್ರಬಂಧ ಪ್ರಕಟವಾಯಿತು: ಆಪರೇಷನ್ ಇಲ್ಲದೆಯೂ ಮಕ್ಕಳ ಗುಲ್ಮ ಮಾಯಬಲ್ಲದು. ಇದೇ ಉಪಾಧ್ಯಾಯರು ಮುಂದೆ ದೆಹಲಿಯ ಏಮ್ಸ್‌ನಲ್ಲಿ ಮಕ್ಕಳ ಶಸ್ತ್ರಚಿಕಿತ್ಸಾ ವಿಭಾಗ ಕಟ್ಟಿದವರು. ಒಳಗೆ ರಕ್ತ ಸೋರಿರೋ ಮಗುವಿನ ಪಕ್ಕ ಕೂತು, ಚಾಕು ಹಿಡಿಯದೆ ಕಾಯೋಕೆ ಎಂಥ ಧೈರ್ಯ ಬೇಕು, ಯೋಚಿಸಿ. ಅನೇಕ ಸರ್ಜನ್‌ಗಳು ಇದನ್ನು ಒಪ್ಪೋಕೆ ವರ್ಷಗಳೇ ಹಿಡಿದವು. ಗಾಯವನ್ನು ಕಣ್ಣಾರೆ ತೋರಿಸೋ ಸಿ.ಟಿ. ಸ್ಕ್ಯಾನ್ ಬಂದ ಮೇಲೆ ಕಾಯೋದು ಸುಲಭವಾಯಿತು.

ಇವತ್ತು ನಾಡಿ, ಬಿಪಿ ಸ್ಥಿರವಾಗಿದ್ರೆ ಆಸ್ಪತ್ರೆಯಲ್ಲೇ ಮಲಗಿಸಿ, ಹಿಮೋಗ್ಲೋಬಿನ್ ನೋಡ್ತಾ ಕಾಯ್ತಾರೆ. ಬಿಪಿ ಕುಸಿಯುತ್ತಲೇ ಇದ್ರೆ ರಕ್ತ ಕೊಟ್ಟು ಆಪರೇಷನ್ ಮಾಡ್ತಾರೆ. ಕೆಲವರಿಗೆ ರಕ್ತನಾಳದೊಳಗಿನಿಂದಲೇ ಸೋರಿಕೆ ಮುಚ್ಚೋದೂ ಉಂಟು. ಗುಲ್ಮ ತೆಗೆಯಲೇಬೇಕಾದವರಿಗೆ ಸೋಂಕು ತಡೆಯೋ ಲಸಿಕೆ ಹಾಕ್ತಾರೆ.

ನಮ್ಮೂರಲ್ಲಿ ಹಿಮ ಇಲ್ಲ ಅಂತ ಮರೀಬೇಡಿ. ಸೈಕಲ್ ಹ್ಯಾಂಡಲ್ ಹೊಟ್ಟೆಗೆ ಬಡಿದರೂ ಇದೇ ಆಗಬಹುದು. ಬಿದ್ದ ಮೇಲೆ ಹೊಟ್ಟೆನೋವಿನ ಜೊತೆ ಎಡ ಭುಜ ನೋಯ್ತಿದ್ರೆ, ತಲೆ ಸುತ್ತಿದ್ರೆ, ಮುಖ ಬಿಳಿಚಿಕೊಂಡ್ರೆ, "ಏನೂ ಆಗಿಲ್ಲ, ಮಲಗು" ಅನ್ನಬೇಡಿ. ತಿನ್ನೋಕೆ ಕುಡಿಯೋಕೆ ಕೊಡದೆ ತಕ್ಷಣ ಆಸ್ಪತ್ರೆಗೆ ಕರ್ಕೊಂಡು ಹೋಗಿ. ಕಾಯಬೇಕೋ ಬೇಡವೋ ಅನ್ನೋದನ್ನು ಅಲ್ಲಿ ತೀರ್ಮಾನಿಸ್ತಾರೆ, ಮನೆಯಲ್ಲಲ್ಲ.

ಮುಂದಿನ ವಾರ ಸಿಗೋಣ.