ಮಳೆಯ ಲೆಕ್ಕಕ್ಕೆ ಸಿಗದ ಮಣ್ಣು

ತಮಿಳುನಾಡಿನ ತೇನಿ ಜಿಲ್ಲೆಯ ಕಂಬಂ ಕಣಿವೆಯಲ್ಲಿ, ಕಾಮಯಗೌಂಡನ್‌ಪಟ್ಟಿಯ ಸುತ್ತ, ಪನ್ನೀರ್ ದ್ರಾಕ್ಷಿಯ ಚಪ್ಪರಗಳು ಹಬ್ಬಿವೆ. ತಳಿಯ ಹೆಸರು ಮಸ್ಕಟ್ ಹ್ಯಾಂಬರ್ಗ್. ಕಂಬಂ ಪನ್ನೀರ್ ದ್ರಾಕ್ಷಿಗೆ 2023ರಲ್ಲಿ ಭೌಗೋಳಿಕ ಸೂಚಕ ಸಿಕ್ಕಿತು. ಚಪ್ಪರದ ಕೆಳಗೆ ಗರಸು ಬೆರೆತ ಕೆಮ್ಮಣ್ಣು ಕಾಣುತ್ತದೆ. ಹೊಳೆಯ ಕಡೆಗೆ ಇಳಿದರೆ ಬಣ್ಣ ಕಂದಾಗುತ್ತದೆ, ಮಣ್ಣು ಕಾಲಿಗೆ ಅಂಟತೊಡಗುತ್ತದೆ, ಭತ್ತದ ಗದ್ದೆ ಶುರುವಾಗುತ್ತದೆ. ಎರಡರ ಮೇಲೂ ಬೀಳುವುದು ಒಂದೇ ಮಳೆ. ಈ ಎರಡು ಮಣ್ಣುಗಳಿಗೆ ವಿಜ್ಞಾನ ಯಾವ ಗುರುತು ಕೊಡುತ್ತದೆ, ಆ ಗುರುತು ಕೊಡುವ ವಿದ್ಯೆ ಹೇಗೆ ಬೆಳೆಯಿತು, ಅದು ಎಲ್ಲಿ ಎಡವುತ್ತಿದೆ ಎಂಬುದನ್ನು ಇಲ್ಲಿ ನೋಡೋಣ. ಕಂಬಂ ಕಣಿವೆಯನ್ನೇ ಆರಿಸಿಕೊಳ್ಳಲು ಕಾರಣವಿದೆ. ಪ್ರಯೋಗಾಲಯ, ಹವಾಮಾನ, ನೆಲದ ಏರಿಳಿತ ಎಂಬ ಮೂರು ಬಗೆಯ ಮಾಹಿತಿಯನ್ನು ಕೂಡಿಸಿದರೂ ಒಂದು ಮಣ್ಣಿನ ಕಥೆ ಪೂರ್ತಿಯಾಗುವುದಿಲ್ಲ ಎಂಬುದು ಇಲ್ಲಿ ತೋರುವಷ್ಟು ಸ್ಪಷ್ಟವಾಗಿ ಬೇರೆಡೆ ತೋರುವುದು ಅಪರೂಪ.

ಮೊದಲ ವರ್ಗೀಕರಣ ರೈತರದೇ. ಟಿಪ್ಪು ಸುಲ್ತಾನನ ಪತನದ ಮರುವರ್ಷ, 1800ರಲ್ಲಿ, ಫ್ರಾನ್ಸಿಸ್ ಬುಕಾನನ್ ಮದರಾಸಿನಿಂದ ಹೊರಟು ಮೈಸೂರು, ಕೆನರಾ, ಮಲಬಾರ್ ಸುತ್ತಿದ. 1807ರಲ್ಲಿ ಅಚ್ಚಾದ ಅವನ ಪ್ರವಾಸ ಗ್ರಂಥದಲ್ಲಿ ಮೈಸೂರು ಸೀಮೆಯ ಒಕ್ಕಲಿಗರು ಹೇಳಿದ ಎರೆ, ಕೆಬ್ಬೆ, ಮರಳು ಮುಂತಾದ ಹೆಸರುಗಳು ದಾಖಲಾಗಿವೆ. ಯಾವ ಮಣ್ಣಿಗೆ ಯಾವ ಬೆಳೆ, ಯಾವುದು ಎಷ್ಟು ಮಳೆ ತಡೆಯುತ್ತದೆ ಎಂಬುದೆಲ್ಲ ಆ ಹೆಸರುಗಳೊಳಗೇ ಅಡಗಿತ್ತು. ಮಲಬಾರಿನ ಅಂಗಾಡಿಪುರದಲ್ಲಿ ಇಟ್ಟಿಗೆಯಂತೆ ಕತ್ತರಿಸಿ ಒಣಗಿಸುವ ಮುರ ಕಲ್ಲನ್ನು ಕಂಡು ಲ್ಯಾಟರೈಟ್ ಎಂಬ ಹೆಸರಿಟ್ಟವನೂ ಅವನೇ. ಮನೆಯಲ್ಲಿ ಕನ್ನಡ ಆಡುವ ಕಪ್ಪಿಲಿಯರ್ ಮತ್ತು ಒಕ್ಕಲಿಗ ಕುಟುಂಬಗಳು ಕಂಬಂ ಕಣಿವೆಯಲ್ಲಿ ತಲೆಮಾರುಗಳಿಂದ ನೆಲೆಸಿವೆ. ಎರೆ, ಕೆಬ್ಬೆಗಳ ಮೈಸೂರು ಸೀಮೆಗೂ ಈ ಕಣಿವೆಗೂ ಮಣ್ಣಿನ ನಂಟೂ ಇದೆ; ಅದಕ್ಕೆ ಮುಂದೆ ಬರುತ್ತೇನೆ.

ಬ್ರಿಟಿಷ್ ಸರ್ಕಾರಕ್ಕೆ ಮಣ್ಣು ಎಂದರೆ ಕಂದಾಯ. ಮದರಾಸು ಪ್ರಾಂತ್ಯದ ಸೆಟ್ಲ್‌ಮೆಂಟ್ ಅಧಿಕಾರಿಗಳು ಮೆಕ್ಕಲು, ಎರೆ, ಕೆಂಪು ಎಂದು ವರ್ಗ ಮಾಡಿ, ಒಳಗೆ ಜೇಡಿ, ಗೋಡು, ಮರಳು ಎಂದು ಒಡೆದು, ಹೊಲಕ್ಕೊಂದು ತರ, ಅಂದರೆ ತೆರಿಗೆಯ ದರ್ಜೆ, ಗೊತ್ತುಮಾಡಿದರು. ಅಳತೆಗೋಲು ತೆರಿಗೆಯದಾದರೂ ಹೊಲಹೊಲಕ್ಕೆ ಕಾಲಿಟ್ಟು ನೋಡಿದ ದಾಖಲೆ ಅದು. ಆ ನಂತರದ ಎಷ್ಟೋ ದಶಕ ವಿಜ್ಞಾನಿಗಳ ನಕ್ಷೆಗಳು ಅಷ್ಟು ಸೂಕ್ಷ್ಮಕ್ಕೆ ಇಳಿಯಲೇ ಇಲ್ಲ.

ರಸಾಯನಶಾಸ್ತ್ರ ಬಂದದ್ದು ಆಮೇಲೆ. ಜೆ. ಡಬ್ಲ್ಯು. ಲೆದರ್ 1892ರಲ್ಲಿ ಭಾರತ ಸರ್ಕಾರದ ಕೃಷಿ ರಸಾಯನಶಾಸ್ತ್ರಜ್ಞನಾಗಿ ಬಂದ. 1898ರಲ್ಲಿ ಅವನು ದೇಶದ ಮಣ್ಣುಗಳನ್ನು ಗಂಗಾ ಬಯಲಿನ ಮೆಕ್ಕಲು, ಎರೆ, ಮದರಾಸಿನ ಕೆಂಪು, ಲ್ಯಾಟರೈಟ್ ಎಂದು ನಾಲ್ಕಾಗಿ ವಿಂಗಡಿಸಿದ. ಶಾಲಾಪುಸ್ತಕಗಳಲ್ಲಿ ಇವತ್ತಿಗೂ ಅದರದೇ ನೆರಳು. ಅದೇ ಹೊತ್ತಿಗೆ ಮೈಸೂರು ಸಂಸ್ಥಾನವೂ ಅಡಾಲ್ಫ್ ಲೆಹ್ಮನ್ ಎಂಬ ರಸಾಯನಶಾಸ್ತ್ರಜ್ಞನನ್ನು ಬೆಂಗಳೂರಿಗೆ ಕರೆಸಿಕೊಂಡಿತು. ಆದರೆ ಕಟುವಾದ ಆಮ್ಲದಲ್ಲಿ ಮಣ್ಣನ್ನು ಕರಗಿಸಿ ಒಟ್ಟು ಸುಣ್ಣ, ಒಟ್ಟು ರಂಜಕ ಎಷ್ಟೆಂದು ಹೇಳುತ್ತಿದ್ದ ಆ ಕಾಲದ ವಿಶ್ಲೇಷಣೆಗೆ, ಬೇರಿಗೆ ಅದರಲ್ಲಿ ಎಷ್ಟು ದಕ್ಕುತ್ತದೆ ಎಂದು ಹೇಳಲು ಬರುತ್ತಿರಲಿಲ್ಲ. ಆ ಪ್ರಶ್ನೆಗೆ ಉತ್ತರ ಹುಡುಕುವುದರಲ್ಲೇ ಮುಂದಿನ ಅರ್ಧ ಶತಮಾನ ಕಳೆಯಿತು. ಕಣಗಾತ್ರ ಅಳೆಯಲು 1927ರಲ್ಲಿ ಬೌಯೂಕಸ್‌ನ ಹೈಡ್ರೋಮೀಟರ್ ಬಂತು. ಸಾವಯವ ಇಂಗಾಲಕ್ಕೆ 1934ರಲ್ಲಿ ವಾಕ್ಲಿ ಮತ್ತು ಬ್ಲ್ಯಾಕ್ ವಿಧಾನ, ಸುಣ್ಣದ ಮಣ್ಣಿನ ರಂಜಕಕ್ಕೆ 1954ರಲ್ಲಿ ಓಲ್ಸೆನ್ ವಿಧಾನ ಬಂದವು. 1956ರಲ್ಲಿ ಸುಬ್ಬಯ್ಯ ಮತ್ತು ಆಸಿಜಾ ದೆಹಲಿಯಲ್ಲಿ ರೂಪಿಸಿದ ಸಾರಜನಕದ ಪರೀಕ್ಷೆ ಭಾರತದ ಮಣ್ಣು ಪರೀಕ್ಷಾ ಕೇಂದ್ರಗಳಲ್ಲಿ ಈಗಲೂ ನಡೆಯುತ್ತಿದೆ. ಸತು, ಕಬ್ಬಿಣಗಳಂಥ ಲಘು ಪೋಷಕಾಂಶಗಳಿಗೆ 1978ರಲ್ಲಿ ಲಿಂಡ್ಸೆ ಮತ್ತು ನಾರ್ವೆಲ್ ವಿಧಾನ ಸೇರಿಕೊಂಡಿತು.

ಇಷ್ಟೆಲ್ಲ ಇದ್ದರೂ ಪ್ರಯೋಗಾಲಯದ ಅಂಕಿ ಮಣ್ಣಿನ ಒಂದು ಚಿಟಿಕೆಯ ಅಂಕಿ. ಮಣ್ಣು ಎಂಬುದು ಪದರಪದರವಾಗಿ ನಿಂತ, ಹುಟ್ಟು ಮತ್ತು ವಯಸ್ಸುಳ್ಳ ಸ್ವತಂತ್ರ ವಸ್ತು ಎಂಬ ತಿಳಿವು ರಷ್ಯಾದಿಂದ ಬಂತು. ವಾಸಿಲಿ ಡೊಕುಚಾಯೆವ್ 1883ರಲ್ಲಿ ಅಲ್ಲಿನ ಕಪ್ಪು ಹುಲ್ಲುಗಾವಲು ಮಣ್ಣಿನ ಬಗ್ಗೆ ಬರೆಯುತ್ತ, ಶಿಲೆ, ಹವೆ, ಜೀವಿಗಳು, ನೆಲದ ಏರಿಳಿತ, ಕಾಲ ಇವು ಕೂಡಿ ಮಣ್ಣನ್ನು ಮಾಡುತ್ತವೆ ಎಂದು ತೋರಿಸಿದ. 1941ರಲ್ಲಿ ಹಾನ್ಸ್ ಯೆನ್ನಿ ಅದನ್ನೇ ಐದು ಅಂಶಗಳ ಸಮೀಕರಣವಾಗಿ ಬರೆದ. ಪ್ರಯೋಗಾಲಯದ ಅಂಕಿಯ ಪಕ್ಕದಲ್ಲಿ ಮಳೆಯ ಅಂಕಿಯನ್ನೂ ಇಳಿಜಾರಿನ ಅಂಕಿಯನ್ನೂ ಇಟ್ಟು ಓದುವ ಅಭ್ಯಾಸ ಗಟ್ಟಿಯಾದದ್ದು ಅಲ್ಲಿಂದ.

ಇಳಿಜಾರಿನ ಪಾಠ ಪೂರ್ವ ಆಫ್ರಿಕಾದಿಂದ ಬಂತು. ಅಲ್ಲಿ ಸಮೀಕ್ಷೆ ಮಾಡುತ್ತಿದ್ದ ಜೆಫ್ರಿ ಮಿಲ್ನ್ ಗುಡ್ಡದ ತಲೆಯಿಂದ ತಗ್ಗಿನವರೆಗೆ ಒಂದೇ ಸರಣಿಯಲ್ಲಿ ಮಣ್ಣು ಬದಲಾಗುವುದನ್ನು ಗಮನಿಸಿ, 1935ರಲ್ಲಿ ಅದಕ್ಕೆ ಕಟೀನಾ ಎಂದು ಹೆಸರಿಟ್ಟ. ದಕ್ಷಿಣ ಭಾರತದಲ್ಲಿ ಓಡಾಡಿದವರಿಗೆ ಇದು ಕಣ್ಣಿಗೆ ಕಾಣುವ ಸಂಗತಿ. ನೈಸ್, ಚಾರ್ನೊಕೈಟ್ ಶಿಲೆಯ ಮೇಲ್ನೆಲದಲ್ಲಿ ನೀರು ಬಸಿದು ಕಬ್ಬಿಣ ಆಕ್ಸೈಡ್ ಆಗಿ ಉಳಿಯುತ್ತದೆ, ಮಣ್ಣು ಕೆಂಪಾಗುತ್ತದೆ. ಅಲ್ಲಿಂದ ತೊಳೆದು ಬಂದ ಸುಣ್ಣ, ಮೆಗ್ನೀಸಿಯಂ, ಸಿಲಿಕಾ ತಗ್ಗಿನಲ್ಲಿ ನಿಂತು ಸ್ಮೆಕ್ಟೈಟ್ ಎಂಬ ಉಬ್ಬುವ ಜೇಡಿಯಾಗುತ್ತವೆ, ಮಣ್ಣು ಕಪ್ಪಾಗುತ್ತದೆ, ಬೇಸಿಗೆಯಲ್ಲಿ ಬಿರಿಯುತ್ತದೆ. ಒಂದೇ ಬಂಡೆಯ ಎರಡು ಮಕ್ಕಳು. ಆದರೆ ಈಗಿನಷ್ಟು ಕಡಿಮೆ ಮಳೆಯಲ್ಲಿ ಇಷ್ಟು ಜೇಡಿ ಹುಟ್ಟಲಾರದು. ಹಿಂದಿನ ತೇವದ ಯುಗದ ಗುರುತು ಇವುಗಳಲ್ಲಿ ಉಳಿದಿದೆ ಎಂದು ನಾಗಪುರದ ಡಿ. ಕೆ. ಪಾಲ್ ಮತ್ತು ಸಂಗಡಿಗರು ಎಕ್ಸ್‌ರೇ ಮೂಲಕ ಜೇಡಿಯ ಖನಿಜಗಳನ್ನು ಓದಿ ವಾದಿಸಿದರು. ಈ ಕ್ಷೇತ್ರದಲ್ಲಿ ಭಾರತೀಯರು ಮಾಡಿದ ಅತ್ಯಂತ ಗಂಭೀರ ಕೆಲಸಗಳಲ್ಲಿ ಇದೊಂದು ಎಂದು ನನ್ನ ಎಣಿಕೆ. ಮಳೆಮಾಪಕದಲ್ಲಿ ಇಂದು ದಾಖಲಾಗುವ ಹವೆಗೂ ಮಣ್ಣನ್ನು ಮಾಡಿದ ಹವೆಗೂ ಅಂತರವಿರಬಹುದು ಎಂಬ ಎಚ್ಚರ ಅದರಲ್ಲಿದೆ.

ಹವಾಮಾನವನ್ನು ಮಣ್ಣಿನ ಭಾಷೆಗೆ ತಂದವನು ಹವಾಮಾನ ತಜ್ಞ ಥಾರ್ನ್‌ತ್ವೈಟ್. ಬಿದ್ದ ಮಳೆಯಿಂದ ಆವಿಯಾಗಬಲ್ಲ ನೀರನ್ನು ಕಳೆದು ತೇವದ ಆಯವ್ಯಯ ಹಾಕುವ ಕ್ರಮವನ್ನು ಅವನು 1948ರಲ್ಲಿ ಕೊಟ್ಟ. ಅಮೆರಿಕದ ಕೃಷಿ ಇಲಾಖೆ 1975ರಲ್ಲಿ ಪ್ರಕಟಿಸಿದ ಮಣ್ಣಿನ ವರ್ಗೀಕರಣ ಇನ್ನೂ ಮುಂದೆ ಹೋಗಿ, ಮಣ್ಣಿನ ತೇವ ಮತ್ತು ಶಾಖವನ್ನು ಹೆಸರಿನೊಳಗೇ ಸೇರಿಸಿತು. 50 ಸೆಂ.ಮೀ. ಆಳದಲ್ಲಿ ವಾರ್ಷಿಕ ಸರಾಸರಿ ಶಾಖ 22 ಡಿಗ್ರಿ ಸೆಲ್ಸಿಯಸ್ ಅಥವಾ ಮೇಲಿದ್ದು, ಬೇಸಿಗೆ ಚಳಿಗಾಲಗಳ ವ್ಯತ್ಯಾಸ 6 ಡಿಗ್ರಿಗಿಂತ ಕಡಿಮೆಯಿದ್ದರೆ ಅದು ಐಸೋಹೈಪರ್‌ಥರ್ಮಿಕ್. ವರ್ಷದಲ್ಲಿ ಒಟ್ಟು 90 ದಿನ ಅಥವಾ ಹೆಚ್ಚು ಒಣಗಿದ್ದು, ಬೆಳೆ ಬರುವ ಕಾಲದಲ್ಲಿ ತೇವ ಉಳಿದರೆ ಅದು ಉಸ್ಟಿಕ್. ತಮಿಳುನಾಡಿನ ಮೇಲ್ನಾಡಿನಲ್ಲೂ ನಮ್ಮ ಹಳೆ ಮೈಸೂರಿನಲ್ಲೂ ಕೆಂಪು ಮಣ್ಣಿಗೆ ಹಾಪ್ಲುಸ್ಟಾಲ್ಫ್, ರೋಡುಸ್ಟಾಲ್ಫ್ ಎಂಬ ಹೆಸರುಗಳು ಬಂದದ್ದು ಹೀಗೆ. ಕಿವಿಗೆ ಒರಟಾದರೂ ಇವು ಸಂಕ್ಷಿಪ್ತ ಜಾತಕಗಳು: ಕೆಳಪದರದಲ್ಲಿ ಜೇಡಿ ಕೂಡಿಕೊಂಡಿದೆ, ವರ್ಷದ ಒಂದು ಭಾಗ ಒಣಗುತ್ತದೆ, ಸುಣ್ಣದ ಅಂಶ ಪೂರ್ತಿ ತೊಳೆದುಹೋಗಿಲ್ಲ ಎಂಬುದನ್ನೆಲ್ಲ ಒಂದೇ ಪದದಲ್ಲಿ ಹೇಳಿಬಿಡುತ್ತವೆ.

ಭಾರತದಲ್ಲಿ ಈ ಕೆಲಸಕ್ಕೆ ನೆಲೆ ಸಿಕ್ಕಿದ್ದು 1976ರಲ್ಲಿ ನಾಗಪುರದ ರಾಷ್ಟ್ರೀಯ ಮಣ್ಣು ಸಮೀಕ್ಷೆ ಮತ್ತು ಭೂಬಳಕೆ ಯೋಜನಾ ಬ್ಯೂರೊ ಆರಂಭವಾದಾಗ. ಅದರ ಪ್ರಾದೇಶಿಕ ಕೇಂದ್ರ ಬೆಂಗಳೂರಿನ ಹೆಬ್ಬಾಳದಲ್ಲಿದೆ. ತಮಿಳುನಾಡಿನ ಮತ್ತು ಕರ್ನಾಟಕದ ಮಣ್ಣಿನ ನಕ್ಷೆಗಳು 1990ರ ದಶಕದಲ್ಲಿ ಹೊರಬಂದವು. ಬ್ಯೂರೊ 1992ರಲ್ಲಿ ದೇಶವನ್ನು 20 ಕೃಷಿ ಪರಿಸರ ವಲಯಗಳಾಗಿ, ಆಮೇಲೆ 60 ಉಪವಲಯಗಳಾಗಿ ಭಾಗಿಸಿತು. ನಾನು ಹೇಳಿದ ಮಣ್ಣಿನ ನಂಟು ಇಲ್ಲಿ ಕಾಣುತ್ತದೆ: ದಕ್ಷಿಣ ಕರ್ನಾಟಕದ ಪ್ರಸ್ಥಭೂಮಿಯೂ ತಮಿಳುನಾಡಿನ ಮೇಲ್ನಾಡೂ ಒಂದೇ 8ನೇ ವಲಯದಲ್ಲಿವೆ. ಸಹ್ಯಾದ್ರಿಯ ಮಳೆನೆರಳಿನ ಮಗ್ಗುಲು ಉಪವಲಯ 8.1, ಅಲ್ಲಿ ಮಳೆಯನ್ನೇ ನಂಬಿದರೆ ಬೆಳೆಗೆ ಸಿಗುವ ಕಾಲ 90ರಿಂದ 120 ದಿನ.

ಕಂಬಂ ಕಣಿವೆಗೆ ಬಂದಾಗ ಈ 90ರಿಂದ 120 ದಿನದ ಲೆಕ್ಕ ಕುಸಿಯುತ್ತದೆ. ಪಶ್ಚಿಮಕ್ಕೆ ಇಳಿದು ಅರಬ್ಬಿ ಸಮುದ್ರ ಸೇರುತ್ತಿದ್ದ ಪೆರಿಯಾರ್ ನದಿಗೆ ಅಡ್ಡಗಟ್ಟೆ ಕಟ್ಟಿ, ಬೆಟ್ಟದೊಳಗೆ ಸುರಂಗ ಕೊರೆದು, ಜಾನ್ ಪೆನ್ನಿಕ್ವಿಕ್ ಅದರ ನೀರನ್ನು ಪೂರ್ವಕ್ಕೆ ತಿರುಗಿಸಿದ. 1895ರಿಂದ ಆ ನೀರು ಮಳೆನೆರಳಿನ ಈ ಕಣಿವೆಗೆ ಇಳಿದು ವೈಗೈ ಸೇರುತ್ತಿದೆ. ಸರ್ಕಾರಿ ಲೆಕ್ಕದಲ್ಲಿ ಕಣಿವೆಯ 14,707 ಎಕರೆ ಎರಡು ಬೆಳೆ ಭತ್ತದ ಭೂಮಿ. ನಾಲೆ ಗದ್ದೆಗಳಿಂದ ಇಂಗಿದ ನೀರು ಬಾವಿಗಳನ್ನು ಸೇರುವುದು ನೀರಾವರಿ ಬಯಲುಗಳ ಸಹಜ ಗುಣ. ಹೀಗಿರುವಾಗ ಮಳೆಮಾಪಕ ಹೇಳುವ ತೇವಕ್ಕೂ ಮಣ್ಣು ಉಂಡ ತೇವಕ್ಕೂ ಹೊಂದಿಕೆ ಎಲ್ಲಿಂದ ಬರಬೇಕು?

ಅಮೆರಿಕದ ವರ್ಗೀಕರಣ ಈ ತೊಡಕನ್ನು ಬೇಕೆಂದೇ ಬದಿಗಿಟ್ಟಿದೆ. ನೀರಾವರಿಯಿಂದ ತೇವ ಹೆಚ್ಚಾಗಿಲ್ಲ ಎಂದು ಭಾವಿಸಿಯೇ ತೇವದ ವರ್ಗ ನಿರ್ಣಯಿಸಬೇಕು ಎಂಬುದು ಅದರ ನಿಯಮ. ನೀರಾವರಿ ನಿಂತರೆ ಮಣ್ಣು ತನ್ನ ಮೂಲ ಸ್ವಭಾವಕ್ಕೆ ಮರಳುತ್ತದೆ, ಹೆಸರು ಕಾಲುವೆಯ ಜೊತೆ ಬದಲಾಗಬಾರದು ಎಂಬುದು ಅದರ ತರ್ಕ. ಆ ತರ್ಕ ನನಗೆ ಅರ್ಥವಾಗುತ್ತದೆ, ಒಪ್ಪಿಗೆಯಾಗುವುದಿಲ್ಲ. ನೂರಕ್ಕೂ ಹೆಚ್ಚು ವರ್ಷ ಕೆಸರು ಮಾಡಿ ನಾಟಿ ಹಾಕಿದ ಗದ್ದೆಯಲ್ಲಿ ನೇಗಿಲು ತಲುಪುವ ಆಳದ ಕೆಳಗೆ ಗಟ್ಟಿ ಪದರ ಕಟ್ಟುತ್ತದೆ. ಗಾಳಿಯಾಡದ ಮಣ್ಣಿನಲ್ಲಿ ಕಬ್ಬಿಣ, ಮ್ಯಾಂಗನೀಸ್ ಕರಗಿ ಕೆಳಗಿಳಿದು ಕಲೆಗಳಾಗಿ ನಿಲ್ಲುತ್ತವೆ. ಗದ್ದೆ ಮಣ್ಣಿನ ಉಸಿರಾಟವೇ ಬೇರೆ ಎಂದು ಮೊದಲು ಅಳೆದು ತೋರಿಸಿದವರಲ್ಲಿ ಕೊಯಮತ್ತೂರಿನ ಡಬ್ಲ್ಯು. ಎಚ್. ಹ್ಯಾರಿಸನ್ ಮತ್ತು ಪಿ. ಎ. ಸುಬ್ರಮಣ್ಯ ಅಯ್ಯರ್ ಇದ್ದರು. 1913ರಿಂದ ಪ್ರಕಟವಾದ ಅವರ ಬರಹಗಳಲ್ಲಿ ಗದ್ದೆಯ ಕೆಸರಿನಿಂದ ಮಿಥೇನ್ ಏಳುವುದೂ, ಮಣ್ಣಿನ ಮೇಲಿನ ಪಾಚಿಯ ತೆಳುಪದರ ಬೇರುಗಳಿಗೆ ಆಮ್ಲಜನಕ ಒದಗಿಸುವುದೂ ದಾಖಲಾಗಿವೆ. ಮಿಥೇನಿನ ಬಗ್ಗೆ ಜಗತ್ತು ಆತಂಕಪಡುವುದಕ್ಕೆ ದಶಕಗಳ ಮೊದಲಿನ ಮಾತು ಇದು. ಅಂತರರಾಷ್ಟ್ರೀಯ ವರ್ಗೀಕರಣ ಮನುಷ್ಯ ಮಾಡಿದ ಮಣ್ಣುಗಳಿಗೆ ಆಂಥ್ರೋಸೋಲ್ ಎಂಬ ಪ್ರತ್ಯೇಕ ವರ್ಗ ಇಟ್ಟು ಹಳೆಯ ಗದ್ದೆಗಳಿಗೆ ಅದರಲ್ಲಿ ಜಾಗ ಕೊಟ್ಟಿದೆ. ನಮ್ಮ ನಕ್ಷೆಗಳು ಆ ದಾರಿಯಲ್ಲಿ ಹೋಗಿದ್ದು ಕಡಿಮೆ.

ಈಚಿನ ಎರಡು ದಶಕಗಳಲ್ಲಿ ವೇಗ ಹೆಚ್ಚಿದೆ. 2003ರಲ್ಲಿ ಅಲೆಕ್ಸ್ ಮೆಕ್‌ಬ್ರಾಟ್ನಿ ಮತ್ತು ಸಂಗಡಿಗರು ಯೆನ್ನಿಯ ಐದು ಅಂಶಗಳನ್ನು ಏಳಕ್ಕೆ ಬೆಳೆಸಿ ಡಿಜಿಟಲ್ ಮಣ್ಣಿನ ನಕ್ಷೆಗೆ ಚೌಕಟ್ಟು ಕೊಟ್ಟರು. ಕೆಲವೇ ಗುಂಡಿಗಳ ಪ್ರಯೋಗಾಲಯದ ಅಂಕಿ, ಉಪಗ್ರಹದ ಎತ್ತರದ ಮಾಹಿತಿ, ಮಳೆ ಮತ್ತು ಶಾಖದ ದಾಖಲೆ ಇವನ್ನು ಕಂಪ್ಯೂಟರಿಗೆ ಉಣಿಸಿ, ಗುಂಡಿ ತೋಡದ ಜಾಗದ ಮಣ್ಣನ್ನು ಅಂದಾಜಿಸುವ ವಿದ್ಯೆ ಇದು. 2017ರ ಹೊತ್ತಿಗೆ ಇಡೀ ಭೂಮಿಗೆ 250 ಮೀಟರ್ ಚೌಕಗಳ ಸಾಯಿಲ್‌ಗ್ರಿಡ್ಸ್ ನಕ್ಷೆ ಬಂತು. ಕರ್ನಾಟಕ ಇನ್ನೊಂದು ದಾರಿ ಹಿಡಿಯಿತು. ಸುಜಲಾ-3 ಯೋಜನೆಯಲ್ಲಿ 1:7,920 ಅಳತೆಯ ಸರ್ವೆ ನಕ್ಷೆ ಹಿಡಿದು ಹೊಲದ ಮಟ್ಟದಲ್ಲಿ ಭೂಸಂಪನ್ಮೂಲ ಸಮೀಕ್ಷೆ ನಡೆಯಿತು. ಮಳೆನೆರಳಿನ ಕಣಿವೆಗಳಿಗೆ ನನ್ನ ಮತ ಈ ಎರಡನೆಯದಕ್ಕೇ. ಗುಡ್ಡದ ಬುಡದಿಂದ ಹೊಳೆಯವರೆಗಿನ ಸ್ವಲ್ಪವೇ ದೂರದಲ್ಲಿ ಮಣ್ಣು ಹಲವು ಸಲ ಬದಲಾಗುವ ಜಾಗದಲ್ಲಿ 250 ಮೀಟರಿನ ಚೌಕ ತೀರ ದೊಡ್ಡದು.

2015ರಲ್ಲಿ ಶುರುವಾದ ಮಣ್ಣು ಆರೋಗ್ಯ ಚೀಟಿ 12 ಅಂಶಗಳ ಅಂಕಿಯನ್ನು ರೈತನ ಕೈಗೆ ಕೊಟ್ಟಿತು. ಅದು ದೊಡ್ಡ ಕೆಲಸವೇ. ಆದರೆ ಆ ಮಾದರಿ ಬರುವುದು ಸಾಮಾನ್ಯವಾಗಿ ಮೇಲಿನ 15 ಸೆಂ.ಮೀ. ಮಣ್ಣಿನಿಂದ. ದ್ರಾಕ್ಷಿಯ ಬೇರು ಅದಕ್ಕಿಂತ ಬಹಳ ಕೆಳಗೆ ಹೋಗುತ್ತದೆ. ಅಲ್ಲಿ ಗರಸಿನ ಪದರವಿದೆಯೋ, ಸುಣ್ಣದ ಹರಳು ಕಟ್ಟಿದೆಯೋ ಎಂಬುದು ಚೀಟಿಯಲ್ಲಿ ಇರುವುದಿಲ್ಲ. ಸುಣ್ಣ ಹೆಚ್ಚಿದ್ದರೆ ಮಣ್ಣಿನಲ್ಲಿ ಕಬ್ಬಿಣವಿದ್ದೂ ಎಲೆ ಹಳದಿಯಾಗುತ್ತದೆ. ಅದರ ಕಾರಣ ಹುಡುಕಲು ಒಂದೂವರೆ ಮೀಟರ್ ಗುಂಡಿಯೇ ಬೇಕು.

ಇಂಥ ಕೆಲಸ ಶುರುಮಾಡಲು ತೇನಿಯ ಆನೈಮಲೈಯನ್‌ಪಟ್ಟಿಯಲ್ಲಿ ತಮಿಳುನಾಡು ಕೃಷಿ ವಿಶ್ವವಿದ್ಯಾಲಯದ ದ್ರಾಕ್ಷಿ ಸಂಶೋಧನಾ ಕೇಂದ್ರವಿದೆ. ಕಣಿವೆಯ ಮಣ್ಣಿಗೆ ಸರಿಯಾದ ಗುರುತು ಬರಬೇಕಾದರೆ ಗುಡ್ಡದ ಬುಡದಿಂದ ನದಿಯವರೆಗೆ ಒಂದೇ ಗೆರೆಯಲ್ಲಿ ಗುಂಡಿ ತೋಡಿ, ಪದರಪದರದ ಅಂಕಿ ತೆಗೆಯಬೇಕು. ಅದರ ಪಕ್ಕದಲ್ಲಿ ಮಳೆಯ ಜೊತೆಗೆ ಕಾಲುವೆಗೆ ನೀರು ಬಿಟ್ಟ ದಿನಗಳ ಪಟ್ಟಿಯನ್ನೂ ಬಾವಿ ನೀರಿನ ಮಟ್ಟವನ್ನೂ ಲವಣಾಂಶವನ್ನೂ ಇಡಬೇಕು. ನೀರು ಬಿಟ್ಟ ದಿನಗಳ ದಾಖಲೆ ನೀರಾವರಿ ಇಲಾಖೆಯ ಪುಸ್ತಕಗಳಲ್ಲಿ ಉಳಿಯುವಂಥದ್ದು. ಮಣ್ಣು ವಿಜ್ಞಾನಿ ಮಳೆಯ ಪುಸ್ತಕದಷ್ಟೇ ಆ ಪುಸ್ತಕವನ್ನೂ ಹವಾಮಾನದ ಮಾಹಿತಿ ಎಂದೇ ತೆರೆಯಬೇಕು.